2024ರ ಆಲ್ಬಮ್‌ಗಳು: ಬೆಳಗಿನ ರೈಲಿಗೆ ಯಾವುದು, ರಾತ್ರಿಯ ಮನೆಗೆ ಯಾವುದು?

ಡಿಸೆಂಬರ್ ಬಂತೆಂದರೆ ಸಂಗೀತ ಪತ್ರಿಕೆಗಳೆಲ್ಲ ವರ್ಷದ ಐವತ್ತು ಆಲ್ಬಮ್‌ಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದರ ಬೆನ್ನಿಗೂ ಒಂದು ಸಂಖ್ಯೆ ಅಂಟಿಸುತ್ತವೆ. ಹದಿನೇಳನೆಯದು ಹದಿನೆಂಟನೆಯದಕ್ಕಿಂತ ಯಾವ ರೀತಿಯಲ್ಲಿ ಮೇಲು ಎಂದು ಕೇಳಿದರೆ ಬರೆದವರೂ ತಡವರಿಸುತ್ತಾರೆ. ಕೇಳುಗನಿಗೆ ಬೇಕಾದ ಲೆಕ್ಕವೇ ಬೇರೆ. ಇವತ್ತು ನನಗೆ ಸಿಗುವ ಹೊತ್ತು ಎಷ್ಟು? ಸುತ್ತ ಗದ್ದಲ ಎಷ್ಟು? ಅಷ್ಟರೊಳಗೆ ಇಡಿಯಾಗಿ ಹಿಡಿಸುವ ಆಲ್ಬಮ್ ಯಾವುದು?

ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನವೂ ಓಡಾಡುವವರಿಗೆ ಈ ಲೆಕ್ಕ ಕರಗತ. ಮಾರಿಕುಪ್ಪಂನಲ್ಲಿ ಹೊರಟ ಬೆಳಗಿನ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ನಮ್ಮ ಸ್ಟೇಷನ್ನಿಗೆ ಬರುವಾಗಲೇ ತುಂಬಿರುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಅನ್ನ ಈ ಹಳಿಯ ಮೇಲೆಯೇ ಹೋಗಿ ಬರಬೇಕು. ನಮಗೆ ಇಲ್ಲಿಂದ ಸುಮಾರು ಎಪ್ಪತ್ತು ಕಿಲೋಮೀಟರ್. ಎಲ್ಲ ಕಡೆ ನಿಲ್ಲುವ ಗಾಡಿಯಾದರೆ ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು. ಮಾರಿಕುಪ್ಪಂನಿಂದ ಬರುವವರಿಗೆ ಎರಡು ಗಂಟೆ. ಮನೆಯಲ್ಲಿ ಯಾರೂ ಬಿಡದ ಹೊತ್ತನ್ನು ರೈಲು ಬಿಟ್ಟುಕೊಡುತ್ತದೆ. ಹಾಗಾಗಿ ನನ್ನ ಆಯ್ಕೆಗೆ ಮೊದಲ ಅಳತೆಗೋಲು ರೈಲು, ಎರಡನೆಯದು ಊಟ ಮುಗಿದು ಬೀದಿ ಸುಮ್ಮನಾದ ಮೇಲಿನ ಮನೆ.

ಒಂದು ಷರತ್ತು ಇದೆ. ಆಲ್ಬಮ್ಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಮಾಡಿದವರು ಇಟ್ಟ ಕ್ರಮದಲ್ಲಿಯೇ ಕೇಳಬೇಕು. 2021ರಲ್ಲಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ ಸ್ಪಾಟಿಫೈ ಆಲ್ಬಮ್ ಪುಟದಲ್ಲಿ ಹಾಡುಗಳ ಕ್ರಮ ಕಲಸುವ ಷಫಲ್ ಗುಂಡಿಯನ್ನು ಮುಂದೆ ಮಾಡುವುದನ್ನು ಬಿಟ್ಟಿತು. ಅಷ್ಟು ದೊಡ್ಡ ಗಾಯಕಿಯೇ ಬಾಯಿಬಿಟ್ಟು ಕೇಳಬೇಕಾಯಿತು ಎಂಬುದೇ ನಮ್ಮ ಕಾಲದ ಕೇಳುವ ಅಭ್ಯಾಸಕ್ಕೆ ಸಾಕ್ಷಿ. ಇನ್ನೊಂದು ಮಾತು: ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಟೇಕಲ್‌ನ ಬಂಡೆಗುಡ್ಡಗಳ ಹತ್ತಿರ ಹಾಡು ಅರ್ಧಕ್ಕೆ ನಿಂತು ಚಕ್ರ ತಿರುಗುತ್ತಾ ಕೂತರೆ ಯಾರನ್ನೂ ಬೈದು ಪ್ರಯೋಜನವಿಲ್ಲ.

ಗದ್ದಲದ ಗಾಡಿಗೆ: ಬ್ರ್ಯಾಟ್, ಅಥವಾ ಫ್ಯೂನರಲ್ ಫಾರ್ ಜಸ್ಟಿಸ್

ರೈಲಿನ ಸದ್ದು ಮೊದಲು ನುಂಗುವುದು ಮಂದ್ರ ಸ್ವರಗಳನ್ನು. ಚಕ್ರದ ಗುಡುಗುಡು ಇರುವ ಜಾಗದಲ್ಲಿಯೇ ಬೇಸ್ ಗಿಟಾರ್ ಮತ್ತು ದೊಡ್ಡ ಡ್ರಮ್ಮಿನ ನೆಲೆಯೂ ಇರುತ್ತದೆ. ಅದರ ಮೇಲೆ ಕಡಲೆಕಾಯಿ ಮಾರುವವರ ಕೂಗು, ಎದುರು ಸೀಟಿನವರು ಇಯರ್‌ಫೋನ್ ಇಲ್ಲದೆ ನೋಡುವ ವಿಡಿಯೊ. ಪಿಸುಮಾತಿನಲ್ಲಿ ಶುರುವಾಗಿ ನಿಧಾನವಾಗಿ ಏರುವ ಸಂಗೀತವನ್ನು ಇಲ್ಲಿ ಹಾಕಿದರೆ ಅರ್ಧ ಕಿವಿಗೇ ಬೀಳುವುದಿಲ್ಲ. ಸದ್ದು ತಡೆಯುವ ಇಯರ್‌ಫೋನ್ ಇದ್ದರೆ ಒಳ್ಳೆಯದು; ಇಲ್ಲದಿದ್ದರೆ ಕಿವಿಗೆ ಸರಿಹೊಂದುವ ಅಳತೆಯ ರಬ್ಬರ್ ತುದಿ ಹಾಕಿಕೊಂಡರೂ ಅರ್ಧ ಕೆಲಸ ಆಗುತ್ತದೆ. ವಾಲ್ಯೂಮ್ ಏರಿಸಿ ರೈಲನ್ನು ಗೆಲ್ಲಲು ಹೋಗಬೇಡಿ, ಸೋಲುವುದು ಕಿವಿಯೇ.

ಈ ಗದ್ದಲಕ್ಕೆ ಜಗ್ಗದ ಆಲ್ಬಮ್ ಪಾಪ್ ಗಾಯಕಿ ಚಾರ್ಲಿ ಎಕ್ಸ್‌ಸಿಎಕ್ಸ್ ಅವರ ಬ್ರ್ಯಾಟ್. ಜೂನ್ 7ರಂದು ಬಂದದ್ದು, 15 ಹಾಡು, 41 ನಿಮಿಷ. ಬಂಗಾರಪೇಟೆಯಲ್ಲಿ ಹಚ್ಚಿದರೆ ವೈಟ್‌ಫೀಲ್ಡ್‌ಗೆ ಮೊದಲೇ ಮುಗಿಯುತ್ತದೆ. ಕಣ್ಣಿಗೆ ಕುಕ್ಕುವ ಗಿಣಿಹಸಿರಿನ ಮುಖಪುಟ, ಅದರ ನಡುವೆ ಮಸುಕಾದ ನಾಲ್ಕು ಅಕ್ಷರ; ಚಿತ್ರ ಸಹ ಇಲ್ಲ. ಮೊದಲ ಸಲ ಕೇಳಿದಾಗ ಇದು ಕ್ಲಬ್ಬಿನಲ್ಲಿ ಕುಣಿಯುವವರಿಗೆ ಮಾಡಿದ್ದು ಎನಿಸುತ್ತದೆ. ಆಮೇಲೆ ಮಾತಿನ ಕಡೆ ಗಮನ ಹೋಗುತ್ತದೆ. ಒಂದು ಹಾಡು 2021ರಲ್ಲಿ ತೀರಿಕೊಂಡ ಗೆಳತಿ, ಸಂಗೀತ ನಿರ್ಮಾಪಕಿ ಸೋಫಿಯನ್ನು ನೆನೆಯುತ್ತದೆ. ಇನ್ನೊಂದು, ಮೂವತ್ತು ದಾಟಿದ ಹೆಣ್ಣು ತಾಯಿಯಾಗಬೇಕೋ ಬೇಡವೋ ಎಂದು ತನ್ನಲ್ಲೇ ಗುನುಗಿಕೊಳ್ಳುವಂಥದ್ದು. ಕುಣಿತದ ತಾಳ ಬಿಡದೆ ಇಂಥ ಅಳುಕನ್ನು ಹೇಳುವುದು ಸುಲಭದ ಕೆಲಸವಲ್ಲ. ಅಕ್ಟೋಬರಿನಲ್ಲಿ ಇದೇ ಹಾಡುಗಳನ್ನು ಬೇರೆ ಬೇರೆ ಗಾಯಕರ ಜೊತೆ ಮತ್ತೆ ಕಟ್ಟಿದ ಇನ್ನೊಂದು ಆಲ್ಬಮ್ ಬಂತು. ಅದರಲ್ಲಿ ಲಾರ್ಡ್ ಜೊತೆಗಿನ ಹಾಡೊಂದು ಸಾಕು. ಇಬ್ಬರು ಗಾಯಕಿಯರು ತಮ್ಮ ನಡುವಿನ ಮುನಿಸನ್ನು ಕೇಳುಗರ ಎದುರಿಗೇ ಬಿಡಿಸಿಕೊಳ್ಳುತ್ತಾರೆ.

ಆದರೂ ನಾನು ರೈಲಿಗೆ ಮೊದಲು ಕೊಡುವುದು ಇದನ್ನಲ್ಲ, ಎಮ್ದು ಮೊಕ್ತಾರ್ ಅವರ ಫ್ಯೂನರಲ್ ಫಾರ್ ಜಸ್ಟಿಸ್ ಅನ್ನು. ನೈಜರ್ ದೇಶದ ಟುವಾರೆಗ್ ಸಮುದಾಯದ ಈ ಗಿಟಾರ್ ವಾದಕ ಎಡಗೈಯಲ್ಲಿ ನುಡಿಸುತ್ತಾರೆ. ಹುಡುಗನಾಗಿದ್ದಾಗ ಗಿಟಾರ್ ಕೊಳ್ಳಲಾಗದೆ ಸೈಕಲ್ಲಿನ ಬ್ರೇಕ್ ತಂತಿ ಬಿಗಿದು ತಾವೇ ಒಂದನ್ನು ಮಾಡಿಕೊಂಡವರು. ಮೇ 3ರಂದು ಬಂದ ಈ ಆಲ್ಬಮ್ಮಿನಲ್ಲಿ ಒಂಬತ್ತೇ ಹಾಡು, ನಲವತ್ತು ನಿಮಿಷದೊಳಗೆ ಮುಗಿಯುತ್ತದೆ. ಭಾಷೆ ತಮಾಷೆಕ್. ಒಂದಕ್ಷರ ತಿಳಿಯದಿದ್ದರೂ ಸಿಟ್ಟು ಯಾರ ಮೇಲೆ ಎಂಬುದು ತಿಳಿಯುತ್ತದೆ: ಆಫ್ರಿಕಾದ ನಾಯಕರನ್ನು ನೇರವಾಗಿ ಕೇಳುವ ಹಾಡಿನಿಂದಲೇ ಶುರು, ಮುಂದೆ ಫ್ರಾನ್ಸಿನ ವಸಾಹತುಶಾಹಿಯ ಲೆಕ್ಕವನ್ನೂ ಕೇಳುತ್ತಾರೆ. ಡ್ರಮ್ಮು ಹಾಡಿನ ಮಧ್ಯದಲ್ಲಿ ಓಟ ಹೆಚ್ಚಿಸಿದಾಗ ಗಿಟಾರ್ ಅದರ ಬೆನ್ನಟ್ಟುತ್ತದೆ. ಮಾಲೂರು ಬಿಟ್ಟು ಗಾಡಿ ವೇಗ ಹಿಡಿಯುವ ಹೊತ್ತಿಗೆ ಆ ಜಾಗ ಬಂದರೆ ಚಕ್ರದ ಸದ್ದೂ ಪಕ್ಕವಾದ್ಯವಾಗುತ್ತದೆ.

ಇದಕ್ಕೊಂದು ಮುಂದುವರಿಕೆಯೂ ಇದೆ. 2023ರ ಜುಲೈನಲ್ಲಿ ನೈಜರ್‌ನಲ್ಲಿ ಸೇನಾ ದಂಗೆಯಾದಾಗ ತಂಡ ಅಮೆರಿಕದ ಪ್ರವಾಸದಲ್ಲಿತ್ತು, ಊರಿಗೆ ಮರಳಲಾಗದೆ ಉಳಿಯಬೇಕಾಯಿತು. ಇವೇ ಹಾಡುಗಳನ್ನು ವಿದ್ಯುತ್ ಗಿಟಾರ್ ಇಲ್ಲದೆ, ಕೂತು, ನಿಧಾನವಾಗಿ ಹಾಡಿದ ರೂಪ 2025ರ ಫೆಬ್ರುವರಿಯಲ್ಲಿ ಟಿಯರ್ಸ್ ಆಫ್ ಇನ್‌ಜಸ್ಟಿಸ್ ಎಂಬ ಹೆಸರಿನಲ್ಲಿ ಬಂತು. ಹೋಗುವಾಗ ಅದು, ಬರುವಾಗ ಇದು. ಒಂದೇ ಹಾಡಿಗೆ ಸಿಟ್ಟಿನ ಮೈ ಒಂದು, ದುಃಖದ ಮೈ ಇನ್ನೊಂದು.

ಕೆಂಡ್ರಿಕ್ ಲಮಾರ್ ಅವರ ಜಿಎನ್‌ಎಕ್ಸ್ ಕೂಡ ಈ ಸಾಲಿಗೆ ಸೇರುತ್ತದೆ. ನವೆಂಬರ್ 22ರಂದು ಮುನ್ಸೂಚನೆಯೇ ಇಲ್ಲದೆ ಬಿಟ್ಟದ್ದು, 12 ಹಾಡು, 44 ನಿಮಿಷ. ರ್‍ಯಾಪ್ ಪರಿಚಯ ಇರುವವರು ಬ್ರ್ಯಾಟ್‌ಗಿಂತ ಇದನ್ನೇ ಆರಿಸಿಕೊಳ್ಳಲಿ. ಮಾತು ಹಿಡಿಯದವರಿಗೆ ಲಾಸ್ ಏಂಜಲೀಸಿನ ಗಲ್ಲಿ ಜಗಳವನ್ನು ದೂರದಿಂದ ನೋಡಿದಂತಾಗುತ್ತದೆ, ಅಷ್ಟೆ.

ಯಾರ ವಾದ್ಯ, ಯಾರ ಹಾಡು: ಕೌಬಾಯ್ ಕಾರ್ಟರ್ ಎದುರು ಚಮ್ಕೀಲಾ

ವರ್ಷದ ಆಲ್ಬಮ್‌ಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಯೋಚನೆಗೆ ಹಚ್ಚಿದ ಜೋಡಿ ಇದು. ಒಂದು ಅಮೆರಿಕದ ಟೆಕ್ಸಸ್ಸಿನದು, ಇನ್ನೊಂದು ಪಂಜಾಬಿನದು. ಎರಡರ ಪ್ರಶ್ನೆಯೂ ಒಂದೇ: ಹಾಡನ್ನು ಕೊಟ್ಟವರನ್ನು ಹಾಡಿನ ಮನೆಯಿಂದ ಆಚೆ ನಿಲ್ಲಿಸುವವರು ಯಾರು?

ಬಿಯಾನ್ಸೆ ಅವರ ಕೌಬಾಯ್ ಕಾರ್ಟರ್ ಮಾರ್ಚ್ 29ರಂದು ಬಂತು. 27 ತುಣುಕು, 78 ನಿಮಿಷ. ನಮ್ಮ ಸ್ಟೇಷನ್ನಿನಿಂದ ಕಂಟೋನ್ಮೆಂಟಿನವರೆಗೆ ಸರಿಯಾಗಿ ಹಿಡಿಸುತ್ತದೆ. ಕಂಟ್ರಿ ಸಂಗೀತ ಎಂದರೆ ಟೋಪಿ ಹಾಕಿದ ಬಿಳಿಯರ ಸಂಗೀತ ಎಂಬುದು ಅಲ್ಲಿ ಗಟ್ಟಿಯಾಗಿ ಕೂತ ಭಾವನೆ. ಆದರೆ ಆ ಸಂಗೀತದ ಗುರುತಾದ ಬ್ಯಾಂಜೊ ಪಶ್ಚಿಮ ಆಫ್ರಿಕಾದ ತಂತಿವಾದ್ಯಗಳ ಕುಡಿ. ಗುಲಾಮರಾಗಿ ಸಾಗಿಸಲ್ಪಟ್ಟವರು ನೆನಪಿನಿಂದ ಮತ್ತೆ ಕಟ್ಟಿಕೊಂಡದ್ದು. ಆಲ್ಬಮ್ಮಿನ ಮೊದಲ ಜನಪ್ರಿಯ ಹಾಡು ಟೆಕ್ಸಸ್ ಹೋಲ್ಡ್ ಎಮ್ ತೆರೆಯುವುದೇ ಬ್ಯಾಂಜೊದಿಂದ. ನುಡಿಸಿದವರು ರಿಯಾನನ್ ಗಿಡೆನ್ಸ್, ಈ ವಾದ್ಯದ ಕಪ್ಪು ಚರಿತ್ರೆಯನ್ನು ವರ್ಷಗಟ್ಟಲೆ ಹೇಳುತ್ತಾ ಬಂದವರು. ಅಮೆರಿಕದ ಕಂಟ್ರಿ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಕಪ್ಪು ಮಹಿಳೆಯೊಬ್ಬರು ಮೊದಲ ಸ್ಥಾನಕ್ಕೆ ಬಂದದ್ದು ಈ ಹಾಡಿನಿಂದಲೇ ಮೊದಲು. 1969ರಲ್ಲಿ ಕಂಟ್ರಿ ಸಂಗೀತದ ಹೆಸರಾಂತ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆಯಲ್ಲಿ ಹಾಡಿ, ಆಮೇಲೆ ಅದೇ ಲೋಕ ಮರೆತುಬಿಟ್ಟ ಲಿಂಡಾ ಮಾರ್ಟೆಲ್ ಅವರ ಮುದಿ ಧ್ವನಿಯನ್ನು ಕರೆತಂದು ನಡುನಡುವೆ ನಿರೂಪಣೆಗೆ ಕೂರಿಸಿದ್ದಾರೆ. 2025ರ ಫೆಬ್ರುವರಿ 2ರಂದು ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಪ್ರಶಸ್ತಿ ಇದಕ್ಕೇ ಸಿಕ್ಕಿತು. ಅದೇ ರಾತ್ರಿ ಅತ್ಯುತ್ತಮ ಕಂಟ್ರಿ ಆಲ್ಬಮ್ ಎಂಬ ಮನ್ನಣೆಯೂ.

ಈ ಕತೆ ನಮಗೆ ಹೊಸದಲ್ಲ. ಕೋಲಾರ ಸೀಮೆಯಲ್ಲಿ ತಮಟೆ ಇಲ್ಲದೆ ಊರಹಬ್ಬ ಹೊರಡುವುದಿಲ್ಲ, ಹೆಣ ಎತ್ತುವುದಿಲ್ಲ. ಹುಲ್ಲಿನ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿ, ಬೆರಳಿನಿಂದ ತಟ್ಟಿ ನೋಡಿ, ಇನ್ನೂ ಸಾಲದೆಂದು ಮತ್ತೊಮ್ಮೆ ಕಾಯಿಸಿ, ಆಮೇಲೆ ಶುರುವಾಗುವ ಆ ಸದ್ದಿಗೆ ಊರೆಲ್ಲ ಕುಣಿಯುತ್ತದೆ. ಬಾರಿಸುವವನು ಮಾತ್ರ ಗುಡಿಯ ಹೊರಗೆ ನಿಲ್ಲಬೇಕಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂದದ್ದು 2023ರಲ್ಲಿ. ಬ್ಯಾಂಜೊದ ಕತೆಯನ್ನು ಬಿಯಾನ್ಸೆ ಹೇಳುವಾಗ ಇಲ್ಲಿಯ ಕೇಳುಗನಿಗೆ ಅಡಿಟಿಪ್ಪಣಿ ಬೇಕಾಗುವುದಿಲ್ಲ.

ದೋಷ ಇಲ್ಲವೇ? ಇದೆ. ಎರಡನೆಯ ಅರ್ಧದಲ್ಲಿ ಹಾಡುಗಳು ಒಂದರ ಮೇಲೊಂದು ಬೀಳುತ್ತವೆ, ಸಣ್ಣ ತುಣುಕುಗಳು ಹೆಚ್ಚಾದವು. ಹದಿನೈದು ನಿಮಿಷ ಕತ್ತರಿಸಿದ್ದರೆ ಇನ್ನೂ ಮೊನಚಾಗುತ್ತಿತ್ತು ಎಂಬುದು ನನ್ನ ವಾದ. ಬೀಟಲ್ಸ್‌ನ ಬ್ಲ್ಯಾಕ್‌ಬರ್ಡ್ ಹಾಡನ್ನು ನಾಲ್ವರು ಕಪ್ಪು ಯುವಗಾಯಕಿಯರ ಜೊತೆ ಹಾಡಿದ ಜಾಗವನ್ನು ಮಾತ್ರ ಯಾರೂ ಮುಟ್ಟಬಾರದು.

ಎ. ಆರ್. ರಹಮಾನ್ ಸಂಗೀತದ ಸಿನಿಮಾ ಆಲ್ಬಮ್ ಅಮರ್ ಸಿಂಗ್ ಚಮ್ಕೀಲಾ ಇದಕ್ಕಿಂತ ತುಂಬಾ ಚಿಕ್ಕದು, ಆರೇ ಹಾಡು. ಪಂಜಾಬಿನ ದಲಿತ ಗಾಯಕ ಚಮ್ಕೀಲಾ ತುಂಬಿ ಎಂಬ ಒಂದೇ ತಂತಿಯ ವಾದ್ಯ ಹಿಡಿದು, ಹಳ್ಳಿಯವರು ಮನೆಯೊಳಗೆ ಆಡುವ ಪೋಲಿ ಮಾತನ್ನೇ ವೇದಿಕೆಯ ಮೇಲೆ ಹಾಡಿ ಊರೂರು ಗೆದ್ದವನು. 1988ರ ಮಾರ್ಚ್ 8ರಂದು ಮೆಹಸಂಪುರದಲ್ಲಿ ಅವನನ್ನೂ ಜೊತೆಗಾಯಕಿ, ಹೆಂಡತಿ ಅಮರ್‌ಜೋತಳನ್ನೂ ಗುಂಡಿಟ್ಟು ಕೊಂದರು. ಇರ್ಷಾದ್ ಕಾಮಿಲ್ ಬರೆದ ಮೊದಲ ಹಾಡು ಬಾಜಾ, ಅವನ ಇಡೀ ಬದುಕನ್ನು ಊರವರ ಬಾಯಿಂದಲೇ ಹೇಳಿಸುತ್ತದೆ. ಮೆಚ್ಚುಗೆ, ಹೊಟ್ಟೆಕಿಚ್ಚು, ಬೈಗುಳ ಎಲ್ಲವೂ ಒಂದೇ ಉಸಿರಿನಲ್ಲಿ. ಕೊನೆಯ ವಿದಾ ಕರೋದಲ್ಲಿ ಅರಿಜಿತ್ ಮತ್ತು ಜೋನಿತಾ ಗಾಂಧಿಯ ಧ್ವನಿ ತಗ್ಗಿದ ಹಾಗೆಲ್ಲ ಕೇಳುವವರ ಎದೆಯ ಮೇಲಿನ ಭಾರ ಏರುತ್ತದೆ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡಿಗೆ ಹೋಗಿ ಕೂತವರಿಗೆ, ಹಾಡಿದ್ದಕ್ಕಾಗಿಯೇ ಒಬ್ಬನನ್ನು ಕೊಲ್ಲಬಹುದು ಎಂಬುದು ಅರ್ಥವಾಗದ ಸಂಗತಿಯಲ್ಲ.

ಎರಡರಲ್ಲಿ ಯಾವುದು? ಪೂರ್ತಿ ಪ್ರಯಾಣ ಕೈಯಲ್ಲಿದ್ದು, ಇಂಗ್ಲಿಷ್ ಮಾತನ್ನು ಹಿಂಬಾಲಿಸುವ ತಾಳ್ಮೆಯಿದ್ದರೆ ಕೌಬಾಯ್ ಕಾರ್ಟರ್. ಅರ್ಧ ಗಂಟೆಯಷ್ಟೇ ಇದ್ದರೆ ಚಮ್ಕೀಲಾ. ಬಿಗಿಯಲ್ಲಿ ಚಮ್ಕೀಲಾ ಮೇಲು. ಹರಹಿನಲ್ಲಿ ಬಿಯಾನ್ಸೆಯನ್ನು ಆ ವರ್ಷ ಹಿಂದಿಕ್ಕಿದವರಿಲ್ಲ.

ದೀಪ ಆರಿಸಿದ ಮೇಲೆ

ರಾತ್ರಿಗೆ ನಾಲ್ಕು ಆಲ್ಬಮ್ ಪೈಪೋಟಿಯಲ್ಲಿವೆ. ರೈಲಿನಲ್ಲಿ ಇವನ್ನು ಹಾಕಿ ಹಾಳು ಮಾಡಬೇಡಿ.

ಬೆತ್ ಗಿಬ್ಬನ್ಸ್ ಅವರ ಲೈವ್ಸ್ ಔಟ್‌ಗ್ರೋನ್. ಪೋರ್ಟಿಸ್‌ಹೆಡ್ ತಂಡದ ಗಾಯಕಿ ಇವರು. ತಂಡದ ಮೊದಲ ಆಲ್ಬಮ್ 1994ರದು. ತಮ್ಮೊಬ್ಬರದೇ ಹೆಸರಿನಲ್ಲಿ ಮೊದಲ ಸ್ಟುಡಿಯೊ ಆಲ್ಬಮ್ ತರುವಾಗ ಅವರಿಗೆ 59 ವರ್ಷ, ಅದರ ಮೇಲೆ ಹತ್ತು ವರ್ಷ ಕೂತಿದ್ದರು. ಮುಟ್ಟು ನಿಲ್ಲುವ ವಯಸ್ಸಿನ ಮೈ, ಹತ್ತಿರದವರ ಸಾವು, ಬಾರದೇ ಹೋದ ತಾಯ್ತನ: ಪಾಪ್ ಸಂಗೀತ ಕಣ್ಣೆತ್ತಿ ನೋಡದ ವಿಷಯಗಳೇ ಎಲ್ಲ. ಸದ್ದು ಕೂಡ ಹಾಗೆಯೇ. ಡ್ರಮ್ಮಿನ ಜಾಗದಲ್ಲಿ ಮೇಜಿನ ಡ್ರಾಯರು, ತಗಡಿನ ಡಬ್ಬಿ, ಪ್ಲಾಸ್ಟಿಕ್ ಊಟದ ಡಬ್ಬಿಗಳನ್ನು ಬಡಿದಿದ್ದಾರೆ. ಪಿಯಾನೋದ ಒಳಗಿನ ತಂತಿಗೆ ಚಮಚದಿಂದ ಹೊಡೆದಿದ್ದಾರೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡರೆ ಹೊಡೆತದ ನಂತರದ ಸಣ್ಣ ನಡುಕವೂ ಕೇಳುತ್ತದೆ, ಅಡುಗೆಮನೆಯ ಕಪಾಟಿನೊಳಗೆ ಯಾರೋ ಏನನ್ನೋ ಹುಡುಕುತ್ತಿರುವಂತೆ. ಫ್ಲೋಟಿಂಗ್ ಆನ್ ಎ ಮೊಮೆಂಟ್ ಹಾಡಿನಲ್ಲಿ, ನಾವೆಲ್ಲ ಎಲ್ಲಿಗೂ ಹೋಗುತ್ತಿಲ್ಲ ಎಂಬರ್ಥದ ಸಾಲನ್ನು ಮಕ್ಕಳ ಗುಂಪಿನಿಂದ ಹಾಡಿಸಿದ್ದಾರೆ. ಅದೇ ಸಾಲನ್ನು ದೊಡ್ಡವರು ಹಾಡಿದ್ದರೆ ವೇದಾಂತವಾಗುತ್ತಿತ್ತು. ಮಕ್ಕಳ ಬಾಯಲ್ಲಿ ಅದು ಆಟದ ಪದದಂತೆ ಬಂದು ಮೈ ಜುಮ್ಮೆನ್ನಿಸುತ್ತದೆ.

ಅರೂಜ್ ಆಫ್ತಾಬ್ ಅವರ ನೈಟ್ ರೇನ್ ಹೆಸರಿಗೆ ತಕ್ಕಂತೆ ರಾತ್ರಿಯದೇ. ಪಾಕಿಸ್ತಾನ ಮೂಲದ, ನ್ಯೂಯಾರ್ಕಿನಲ್ಲಿ ನೆಲೆಸಿದ ಇವರು 2022ರಲ್ಲಿ ಗ್ರ್ಯಾಮಿ ಪಡೆದ ಮೊದಲ ಪಾಕಿಸ್ತಾನಿ ಕಲಾವಿದೆ. ನಮಗೆ ಇದರಲ್ಲಿ ಒಂದು ಹತ್ತಿರದ ಎಳೆಯಿದೆ. ನಾ ಗುಲ್ ಹಾಡಿನ ಕವಿತೆ ಹೈದರಾಬಾದಿನ ಮಹಲಕಾ ಬಾಯಿ ಚಂದಾ ಅವರದು. ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ ಕವಯಿತ್ರಿ, ದಖನ್ನಿನವರು. ಹೈದರಾಲಿ ಹುಟ್ಟಿದ ಬೂದಿಕೋಟೆ ಇರುವುದು ನಮ್ಮ ತಾಲ್ಲೂಕಿನಲ್ಲೇ. ದಖನಿ ಉರ್ದು ಇಲ್ಲಿ ಸಂತೆಯ ಮಾತು. ನ್ಯೂಯಾರ್ಕಿನ ಹಾರ್ಪ್ ಮತ್ತು ಬೇಸಿನ ನಡುವೆ ದಖನ್ನಿನ ಸಾಲು ಬಂದಾಗ ಪಕ್ಕದ ಬೀದಿಯವರು ದೂರದೂರಿನಲ್ಲಿ ಸಿಕ್ಕಷ್ಟು ಖುಷಿಯಾಗುತ್ತದೆ. ಇದು ದುಃಖದ ಆಲ್ಬಮ್ ಅಲ್ಲ, ಒಂದಿಷ್ಟು ತುಂಟತನವೂ ಇದೆ.

ದಿ ಕ್ಯೂರ್ ತಂಡದ ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್ 16 ವರ್ಷಗಳ ನಂತರ ಬಂದದ್ದು, ಎಂಟು ಹಾಡು, 49 ನಿಮಿಷ. ಮೊದಲ ಹಾಡಿನಲ್ಲಿ ರಾಬರ್ಟ್ ಸ್ಮಿತ್ ಬಾಯಿ ತೆರೆಯುವ ಮುನ್ನ ಮೂರು ನಿಮಿಷಕ್ಕೂ ಹೆಚ್ಚು ಬರಿಯ ವಾದ್ಯ. ಆಲಾಪನೆಗೆ ಒಗ್ಗಿದ ನಮ್ಮ ಕಿವಿಗೆ ಇದು ಕಷ್ಟವಲ್ಲ. ರೀಲ್ಸ್ ನೋಡಿ ಬೆಳೆದವರಿಗೆ ಶಿಕ್ಷೆ. ತೀರಿಹೋದ ಅಣ್ಣನ ಬಗ್ಗೆ ಸ್ಮಿತ್ ಹಾಡಿದ್ದು ಇದರಲ್ಲಿದೆ. ಭಾರವಾದ ಆಲ್ಬಮ್. ಮನಸ್ಸು ಮೊದಲೇ ಕುಗ್ಗಿರುವ ದಿನ ಬೇಡ.

ನಾಲ್ಕನೆಯದು ಬಿಲ್ಲಿ ಐಲಿಶ್ ಅವರ ಹಿಟ್ ಮಿ ಹಾರ್ಡ್ ಆಂಡ್ ಸಾಫ್ಟ್. ಅಣ್ಣ ಫಿನಿಯಸ್ ಜೊತೆ ಮಾಡಿದ ಹತ್ತು ಹಾಡು, 44 ನಿಮಿಷ. ಮೊದಲೇ ಒಂದೊಂದು ಹಾಡು ಬಿಡದೆ ಇಡೀ ಆಲ್ಬಮ್ಮನ್ನು ಮೇ 17ರಂದು ಒಟ್ಟಿಗೆ ತಂದರು. ಕ್ರಮದಲ್ಲಿ ಕೇಳಿ ಎಂದು ಹೇಳುವ ಒಳ್ಳೆಯ ವಿಧಾನ. ಬಂಗಾರಪೇಟೆಯ ಪಾನಿಪುರಿಯ ನೀರಿನ ಹಾಗೆ ಇದು: ನೋಡಲು ತಿಳಿ, ನಾಲಿಗೆಗೆ ಬಿದ್ದ ಮೇಲೆ ಖಾರ. ಪಿಸುಗುಟ್ಟುತ್ತಲೇ ಇದ್ದ ಧ್ವನಿ ದಿ ಗ್ರೇಟೆಸ್ಟ್ ಹಾಡಿನ ಕೊನೆಗೆ ಬಿರಿಯುವಾಗ ತಿಳಿಯುತ್ತದೆ. ಹದಿಹರೆಯದ ಮಕ್ಕಳ ಜೊತೆ ಕೂತು ಕೇಳುವುದಾದರೆ ನಾಲ್ಕರಲ್ಲಿ ಇದೇ ಸರಿ.

ನನ್ನ ಕ್ರಮ: ಒಂಟಿಯಾಗಿ ಕೇಳುವುದಾದರೆ ಗಿಬ್ಬನ್ಸ್, ಇಬ್ಬರು ಕೂತು ಕೇಳುವುದಾದರೆ ಆಫ್ತಾಬ್. ಕ್ಯೂರ್ ಹಳೆಯ ಅಭಿಮಾನಿಗಳಿಗೆ.

ಒಂದೇ ಉದ್ದ, ಬೇರೆ ದಾರಿ

ಆ ವರ್ಷ ಎರಡು ಆಲ್ಬಮ್‌ಗಳು 122 ನಿಮಿಷದಷ್ಟು ಉದ್ದ ಬಂದವು. ಮಾರಿಕುಪ್ಪಂನಿಂದ ಬೆಂಗಳೂರಿನವರೆಗೆ ಎರಡರಲ್ಲಿ ಒಂದನ್ನು ಕೇಳಬಹುದು.

ಟೇಲರ್ ಸ್ವಿಫ್ಟ್ ಅವರ ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್ ಏಪ್ರಿಲ್ 19ರಂದು 16 ಹಾಡಿನೊಂದಿಗೆ ಬಂತು. ಎರಡು ಗಂಟೆಯ ನಂತರ ಇನ್ನೂ 15 ಸೇರಿ 31 ಆದವು. ಲೋಕದ ದೊಡ್ಡ ಕಂಪನಿಗಳೆಲ್ಲ ಅದನ್ನು ಮನೆ ಬಾಗಿಲಿಗೆ ತಂದು ಹಾಕಿದವು. ಕೆನಡಾದ ಪ್ಯಾಟ್ರಿಕ್ ಫ್ಲೆಗಲ್, ಸಿಂಡಿ ಲೀ ಎಂಬ ಹೆಣ್ಣುವೇಷದ ಹೆಸರಿನಲ್ಲಿ ತಂದ ಡೈಮಂಡ್ ಜುಬಿಲಿಯಲ್ಲಿ 32 ಹಾಡು. ಅದು ಬಂದದ್ದು ಕೌಬಾಯ್ ಕಾರ್ಟರ್ ಬಂದ ದಿನವೇ, ಆದರೆ ಶುರುವಿನಲ್ಲಿ ಯಾವ ಸ್ಟ್ರೀಮಿಂಗ್ ಸೇವೆಯಲ್ಲೂ ಇರಲಿಲ್ಲ. ಯೂಟ್ಯೂಬಿನಲ್ಲಿ ಎರಡು ಗಂಟೆಯ ಒಂದೇ ಕಡತ; ಬೇಕಾದವರು ಹಳೆಯ ಕಾಲದ ಜಾಲತಾಣದಂಥ ಪುಟದಿಂದ ಇಳಿಸಿಕೊಂಡು ಇಷ್ಟವಿದ್ದರೆ ಹಣ ಕಳಿಸಬೇಕಿತ್ತು. ಕೇಳಿದರೆ ಅರವತ್ತರ ದಶಕದ ಯಾವುದೋ ರೇಡಿಯೊ ಸ್ಟೇಷನ್ ದೂರದಿಂದ ಹಿಡಿದುಕೊಂಡಂತಿದೆ. ಗಿಟಾರ್ ಸ್ವಲ್ಪ ಅಪಸ್ವರ, ಧ್ವನಿ ಸ್ವಲ್ಪ ಮಸುಕು, ರಾಗ ಮಾತ್ರ ಮನೆಗೆ ಹೋದ ಮೇಲೂ ಬಿಡುವುದಿಲ್ಲ.

ಸ್ವಿಫ್ಟ್ ಅವರ ಸಾಹಿತ್ಯದಲ್ಲಿ ಕೆಲವು ಚೂಪಾದ ಸಾಲುಗಳಿವೆ, ಒಪ್ಪುತ್ತೇನೆ. ಆದರೆ ಎರಡು ಗಂಟೆ ಒಂದೇ ವೇಗ, ಒಂದೇ ಬಣ್ಣದ ಸಿಂಥ್, ಅಂದರೆ ವಿದ್ಯುನ್ಮಾನ ಕೀಬೋರ್ಡಿನ ಸದ್ದು. ವೈಟ್‌ಫೀಲ್ಡ್ ಬರುವ ಹೊತ್ತಿಗೆ ಯಾವ ಹಾಡು ನಡೆಯುತ್ತಿದೆ ಎಂದು ಪರದೆ ನೋಡಿಯೇ ತಿಳಿಯಬೇಕಾಗುತ್ತದೆ. ಅಭಿಮಾನಿಯಲ್ಲದವರು ಮೊದಲ 16ಕ್ಕೆ ನಿಲ್ಲಿಸಿ. ಅಷ್ಟು ಉದ್ದ ಕೇಳುವ ಮನಸ್ಸಿದ್ದರೆ ಡೈಮಂಡ್ ಜುಬಿಲಿ. ಅದೂ ರಜೆಯ ದಿನ.

ಮಾತು ಬೇಡದವರಿಗೆ, ಮಂತ್ರ ಬೇಕಾದವರಿಗೆ

ಬರಿಯ ವಾದ್ಯವಾದರೆ ನಾಲಾ ಸಿನೆಫ್ರೊ ಅವರ ಎಂಡ್‌ಲೆಸ್‌ನೆಸ್. ಹಾರ್ಪ್, ಸಿಂಥ್, ಸ್ಯಾಕ್ಸಫೋನ್ ಸೇರಿದ 45 ನಿಮಿಷದ ಒಂದೇ ಹರಿವು. ಕಂಟಿನ್ಯೂಮ್ ಎಂಬ ಹೆಸರಿನ ಹತ್ತು ಭಾಗ. ಹಾಡಿನ ನಡುವೆ ಜಾಹೀರಾತು ಬರುವ ಖಾತೆಯಲ್ಲಿ ಇದನ್ನು ಕೇಳುವುದು ವ್ಯರ್ಥ. ಶಬಾಕಾ ಎಂಬ ವಾದಕ ಸ್ಯಾಕ್ಸಫೋನ್ ಬದಿಗಿಟ್ಟು ಜಪಾನಿನ ಬಿದಿರ ಕೊಳಲು ಹಿಡಿದು ಮಾಡಿದ ಆಲ್ಬಮ್ ಕೂಡ ಏಪ್ರಿಲ್‌ನಲ್ಲಿ ಬಂತು, ಉಸಿರೇ ಅದರ ವಿಷಯ. ಎರಡರಲ್ಲಿ ಸಿನೆಫ್ರೊ ಮೊದಲು.

ಗ್ರ್ಯಾಮಿ ಗೆದ್ದ ಸುದ್ದಿ ನೋಡಿ ಚಂದ್ರಿಕಾ ಟಂಡನ್ ಅವರ ತ್ರಿವೇಣಿಯನ್ನು ಹುಡುಕುವವರು ಹಲವರಿದ್ದಾರೆ. ವೇದಮಂತ್ರಕ್ಕೆ ದಕ್ಷಿಣ ಆಫ್ರಿಕಾದ ವೌಟರ್ ಕೆಲ್ಲರ್‌ಮನ್ ಅವರ ಕೊಳಲು, ಎರು ಮತ್ಸುಮೊಟೊ ಅವರ ಚೆಲ್ಲೊ. ಹಿತವಾಗಿದೆ, ಪ್ರಾಣಾಯಾಮಕ್ಕೆ ಕೂತಾಗ ಒಳ್ಳೆಯದು. ಕೂತು ಕೇಳುವುದಕ್ಕಾದರೆ ಗಾನವ್ಯಾ ಅವರ ಡಾಟರ್ ಆಫ್ ಎ ಟೆಂಪಲ್ ಇದಕ್ಕಿಂತ ಬಹಳ ಮೇಲು. ನ್ಯೂಯಾರ್ಕಿನಲ್ಲಿ ಹುಟ್ಟಿ ತಮಿಳುನಾಡಿನಲ್ಲಿ ಬೆಳೆದ, ಹರಿಕಥೆ ಮತ್ತು ವಾರಕರಿ ಅಭಂಗಗಳ ನಡುವೆ ಪಳಗಿದ ಗಾಯಕಿ. ಹ್ಯೂಸ್ಟನ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಕಲಾವಿದರನ್ನು ಕೂಡಿಸಿ, ಜಾನ್ ಮತ್ತು ಆಲಿಸ್ ಕೋಲ್ಟ್ರೇನ್ ದಂಪತಿಯ ಜಾಜ್ ಸಂಗೀತವನ್ನು ಭಜನೆಯ ಮೈಯಲ್ಲಿ ಹಾಡಿಸಿದ್ದಾರೆ. ತಪ್ಪಿದ ಉಸಿರು, ಕೆಮ್ಮು, ಮಾತು ಎಲ್ಲವನ್ನೂ ಹಾಗೆಯೇ ಬಿಟ್ಟಂತಿದೆ. ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಹೋಗಿ ಜನರ ನಡುವೆ ಚಾಪೆಯ ಮೇಲೆ ಕೂತವರಿಗೆ ಇದು ಕೂಡಲೇ ದಕ್ಕುತ್ತದೆ.

ಕನ್ನಡದ್ದು ಎಲ್ಲಿ?

ಇದೇ ಈ ಹೋಲಿಕೆಯ ಕಷ್ಟದ ಭಾಗ. ಕನ್ನಡದಲ್ಲಿ ಆ ವರ್ಷ ಹಾಡುಗಳಿಗೆ ಬರವಿರಲಿಲ್ಲ. ಕೃಷ್ಣಂ ಪ್ರಣಯ ಸಖಿಯ ದ್ವಾಪರ ಹಾಡನ್ನು ನಮ್ಮ ರೈಲಿನ ಯಾವ ಬೋಗಿಯಲ್ಲಿ ಕೇಳಲಿಲ್ಲ? ಅರ್ಜುನ್ ಜನ್ಯ ಸಂಗೀತ, ವಿ. ನಾಗೇಂದ್ರ ಪ್ರಸಾದ್ ಸಾಹಿತ್ಯ, ಹಾಡಿದವರು ಪಂಜಾಬಿ ಮೂಲದ ಜಸ್ಕರಣ್ ಸಿಂಗ್. ಒಳ್ಳೆಯ ಹಾಡು. ಆದರೆ ಅದು ಹಾಡು, ಆಲ್ಬಮ್ ಅಲ್ಲ. ನಮ್ಮ ಸಿನಿಮಾ ಹಾಡುಗಳನ್ನು ತಿಂಗಳಿಗೊಂದರಂತೆ ಲಿರಿಕಲ್ ವಿಡಿಯೊ ಮಾಡಿ ಬಿಡುತ್ತಾರೆ. ಎಲ್ಲವನ್ನೂ ಒಟ್ಟಿಗೆ ಜೋಡಿಸುವ ಹೊತ್ತಿಗೆ ಮೊದಲನೆಯದು ಹಳಸಿರುತ್ತದೆ. ಕ್ಯಾಸೆಟ್ಟಿನ ಕಾಲದಲ್ಲಿ ಎ ಬದಿಗೆ ಯಾವುದು, ಬಿ ಬದಿಗೆ ಯಾವುದು ಎಂದು ಯಾರಾದರೂ ತಲೆ ಕೆಡಿಸಿಕೊಳ್ಳಲೇಬೇಕಿತ್ತು. ಈಗ ಆ ತಲೆನೋವು ಯಾರಿಗೂ ಇಲ್ಲ.

ಇಡಿಯಾಗಿ ಕೇಳಿಸಿಕೊಳ್ಳುವ ಗುಣ ನನಗೆ ಕಂಡದ್ದು ಗಗನ್ ಬಡೇರಿಯಾ ಸಂಗೀತದ ಇಬ್ಬನಿ ತಬ್ಬಿದ ಇಳೆಯಲಿಯಲ್ಲಿ. ಸೆಪ್ಟೆಂಬರಿನಲ್ಲಿ ತೆರೆಗೆ ಬಂದ ಸಿನಿಮಾ. ಹಾಡುಗಳೆಲ್ಲ ಒಂದೇ ಹವಾಮಾನದವು. ಒಂದು ಮುಗಿದಲ್ಲಿಂದ ಇನ್ನೊಂದಕ್ಕೆ ಕಾಲಿಡುವಾಗ ಎಡವುವುದಿಲ್ಲ. ಕನ್ನಡದಲ್ಲಿ ಒಂದೇ ಆರಿಸಬೇಕಾದರೆ ದ್ವಾಪರದ ಜನಪ್ರಿಯತೆಯನ್ನು ಪಕ್ಕಕ್ಕಿಟ್ಟು ಇದನ್ನೇ ಆರಿಸುತ್ತೇನೆ, ಸಂಜೆಯ ವಾಪಸ್ ಗಾಡಿಗೆ, ಕಿಟಕಿಯ ಸೀಟು ಸಿಕ್ಕಿದ್ದರೆ.

ದುಡ್ಡು ಕೊಡುವುದಾದರೆ

ಸ್ಟ್ರೀಮಿಂಗ್‌ನಲ್ಲಿ ಒಂದು ಸಲ ಕೇಳಿದರೆ ಕಲಾವಿದರ ಕೈಗೆ ಬರುವುದು ಪುಡಿಗಾಸು. ಬಿಯಾನ್ಸೆಗೂ ಸ್ವಿಫ್ಟ್‌ಗೂ ನಮ್ಮ ನೂರಿನ್ನೂರು ರೂಪಾಯಿಯಿಂದ ಆಗಬೇಕಾದದ್ದು ಏನೂ ಇಲ್ಲ. ಎಮ್ದು ಮೊಕ್ತಾರ್, ಸಿಂಡಿ ಲೀ ಅಂಥವರಿಗೆ ಆಗುತ್ತದೆ. ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಡಿಜಿಟಲ್ ಪ್ರತಿ ಕೊಂಡರೆ ಫೋನಿಗೆ ಇಳಿಸಿಕೊಳ್ಳಬಹುದು, ಚಂದಾ ನಿಂತರೂ ಹಾಡು ನಮ್ಮಲ್ಲೇ ಇರುತ್ತದೆ. 2020ರಿಂದ ಕೆಲವು ಶುಕ್ರವಾರಗಳಂದು ಅವರು ತಮ್ಮ ಪಾಲನ್ನು ಬಿಟ್ಟುಕೊಡುತ್ತಾರೆ. ಕೊಳ್ಳುವುದಾದರೆ ಆ ದಿನ ನೋಡಿ ಕೊಳ್ಳಿ. ವಿದೇಶಿ ವಿನೈಲ್ ತಟ್ಟೆಗಳ ಆಸೆ ಬೇಡ, ಸಾಗಣೆ ಖರ್ಚಿನಲ್ಲಿ ಇನ್ನೊಂದು ಜೊತೆ ಒಳ್ಳೆಯ ಇಯರ್‌ಫೋನ್ ಬರುತ್ತದೆ.

ಒಂದನ್ನು ಮಾತ್ರ ಕೊಳ್ಳುವವರಿಗೆ ನನ್ನ ಮಾತು ಲೈವ್ಸ್ ಔಟ್‌ಗ್ರೋನ್. ಮೊದಲು ಪುಕ್ಕಟೆ ಕೇಳಿ ನೋಡಿ ಆಮೇಲೆ ನಿರ್ಧರಿಸುತ್ತೇನೆ ಎನ್ನುವವರು ನಾಳೆ ಬೆಳಗಿನ ಗಾಡಿಗೆ ಫ್ಯೂನರಲ್ ಫಾರ್ ಜಸ್ಟಿಸ್ ಇಳಿಸಿಟ್ಟುಕೊಳ್ಳಿ. ಅದು ಹಿಡಿಸದಿದ್ದರೆ ಸಂಜೆಗೆ ಬ್ರ್ಯಾಟ್. ಅದೂ ಹಿಡಿಸದಿದ್ದರೆ ಗದ್ದಲದ ಸಂಗೀತ ನಿಮಗಲ್ಲ, ನೇರವಾಗಿ ರಾತ್ರಿಯ ಪಟ್ಟಿಗೆ ಹೋಗಿ ಆಫ್ತಾಬ್‌ನಿಂದ ಶುರು ಮಾಡಿ.